ಬೆನ್ನು ಹಾಕಿ ನಿಂತವಳು

ನಿಂಗರಾಜು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿ, "ಅಕ್ಕೋ, ಇದ್ನೇ ನಮ್ ಛತ್ರದ ಗೋಡೇಲಿ ಬರ್ಕೊಡಿ. ಎಲ್ಲಾ ಜೋಡಿ ಜೋಡಿ ಕುಂತವ್ರೆ, ಮದ್ವೆ ಮನೆಗೆ ಸರೋಯ್ತದೆ" ಅಂದ. ಪಾಂಡವಪುರದಲ್ಲಿ ಅವನು ಹೊಸದಾಗಿ ಕಟ್ಟಿಸಿದ ಛತ್ರ. ನಾನು ಅರಕೆರೆಯವಳು, ಯಶೋಧರಾ. ಅಂಗಡಿ ಬೋರ್ಡು, ಶಾಲೆ ಗೋಡೆ, ಟ್ರಾಕ್ಟರಿನ ಹಿಂದೆ ದೇವರ ಹೆಸರು, ಏನು ಬೇಕಾದರೂ ಬರೆಯುತ್ತೇನೆ. ಗಂಡ ಮಾಡುತ್ತಿದ್ದ ಕೆಲಸ. ಅವರು ತೀರಿಕೊಂಡ ಮೇಲೆ ಕುಂಚ ನನ್ನ ಕೈಗೆ ಬಂತು.

ಚಿತ್ರ ಫ್ರಾನ್ಸ್ ದೇಶದ್ದು, ಮುನ್ನೂರು ವರ್ಷದಷ್ಟು ಹಳೆಯದು. ಕೊಳದ ಪಕ್ಕ ದೊಡ್ಡ ಮರಗಳು, ಕೆಳಗೆ ರೇಷ್ಮೆ ಲಂಗದ ಹೆಂಗಸರು, ಬಿಗಿ ಚಲ್ಲಣದ ಗಂಡಸರು. ಒಬ್ಬ ತಂತಿವಾದ್ಯ ನುಡಿಸುತ್ತಾನೆ, ಇನ್ನೊಬ್ಬ ಪಕ್ಕದವಳ ಕಿವಿಯಲ್ಲಿ ಏನೋ ಹೇಳುತ್ತಾನೆ. ಹಸುವಿನ ಹಾಲು ಕರೆಯುವುದು, ಗದ್ದೆಗೆ ನೀರು ಕಟ್ಟುವುದು ಇವರಿಗೆ ಒಂದೂ ಇರಲಿಲ್ಲವೇನೋ. ಮೂಲೆಯಲ್ಲಿ ಮಾತ್ರ ಒಬ್ಬಳು ನಮಗೆ ಬೆನ್ನು ಹಾಕಿ ಒಂಟಿಯಾಗಿ ನಿಂತಿದ್ದಳು. ನಿಂಗರಾಜು ಅವಳನ್ನು ಗಮನಿಸಿಯೇ ಇರಲಿಲ್ಲ. ನಾನು ಮೊದಲು ಬರೆದದ್ದು ಅವಳನ್ನೇ.

ಆ ಗೋಡೆಯ ಮುಂದೆ ಕಳೆದ ದಿನಗಳು ಚೆನ್ನಾಗಿದ್ದವು. ಮಧ್ಯಾಹ್ನ ಬುತ್ತಿ ಬಿಚ್ಚಿ ಅವಳೆದುರು ಕೂತು ಉಣ್ಣುತ್ತಿದ್ದೆ. ಎಷ್ಟೋ ಛತ್ರಗಳಲ್ಲಿ ಹೆಣ್ಣು-ಗಂಡಿನ ಹೆಸರು ಬರೆದು, ಓಲಗ ಶುರುವಾಗುವ ಮೊದಲೇ ಬಣ್ಣದ ಡಬ್ಬ ಎತ್ತಿಕೊಂಡು ಹೊರಟವಳು ನಾನು. ಇರು ಅಂತ ಯಾರೂ ಅಂದಿರಲಿಲ್ಲ. ಈ ಸಲ ನಿಂಗರಾಜು, "ಛತ್ರದ ಪೂಜೆಗೆ ಬರ್ಲೇಬೇಕು ಕಣಕ್ಕ. ಎಲ್ರಂಗೆ ನೀವೂ ಕುಂಕುಮ ಇಸ್ಕೊಂಡು, ಉಂಡ್ಕೊಂಡೇ ಓಗ್ಬೇಕು" ಅಂದುಬಿಟ್ಟ. ಗಂಡ ಸತ್ತವಳಿಗೆ ಯಾರು ಕುಂಕುಮ ಕೊಡುತ್ತಾರೆ, ಹುಡುಗ ಯೋಚಿಸದೆ ಆಡಿದ ಮಾತು ಅಂತ ಗೊತ್ತಿತ್ತು. ಆದರೂ ಆಸೆಯಾಯಿತು. ಟ್ರಂಕಿನ ತಳದಲ್ಲಿದ್ದ ರೇಷ್ಮೆ ಸೀರೆ ಉಟ್ಟು ಹೋದೆ.

ನಿಂಗರಾಜುವಿನ ತಾಯಿ ಪುಟ್ಟತಾಯಮ್ಮ ಗೋಡೆ ನೋಡಿ ಗಾಬರಿಯಾದರು. "ಎಲ್ರೂ ಬರಿ ಅಣೇಲಿ ಕುಂತವ್ರಲ್ಲ. ಮದ್ವೆ ಮನೇಲಿ ಇಂಗಿರಬಾರ್ದು" ಎಂದು ಕುಂಕುಮದ ತಟ್ಟೆ ಹಿಡಿದು, ಒಬ್ಬೊಬ್ಬಳ ಹಣೆಗೂ ಬೆರಳೊತ್ತುತ್ತಾ ಹೋದರು. ಫ್ರಾನ್ಸಿನ ಹೆಂಗಸರೆಲ್ಲ ಕೂತಲ್ಲೇ ಮುತ್ತೈದೆಯರಾದರು. ನಾನು ದಿನಗಟ್ಟಲೆ ತಿದ್ದಿ ತೀಡಿದ ಮುಖಗಳು. ಹೊಟ್ಟೆ ಉರಿಯಿತು, ನಗುವೂ ಬಂತು.

ಬೆನ್ನು ಹಾಕಿದವಳ ಮುಂದೆ ಅವರ ಬೆರಳು ನಿಂತಿತು. "ಇವ್ಳ ಅಣೇನೇ ಕಾಣಾಕಿಲ್ವಲ್ಲ. ಪಾಪ, ಒಂಟಿಯಾಗಿ ನಿಂತವ್ಳೆ. ಊವಾದ್ರೂ ಮುಡ್ಸಾನ" ಎಂದು ಒಂದು ತುಂಡು ಮಲ್ಲಿಗೆ ತೆಗೆದು, ಅಲಂಕಾರದವರ ಟೇಪಿನಿಂದ ಅವಳ ತುರುಬಿಗೆ ಅಂಟಿಸಿದರು. ನನಗೆ ಧೈರ್ಯ ಬಂತು.

ತಟ್ಟೆ ಹೆಂಗಸರ ಸಾಲಿಗೆ ಬಂತು. ಪಕ್ಕದವಳಿಗೆ ಅರಿಶಿನ ಕುಂಕುಮ ಇಟ್ಟು ಹೂ ಕೊಟ್ಟರು. ನನ್ನ ಮುಂದೆ ಬಂದಾಗ ಪುಟ್ಟತಾಯಮ್ಮ ತಟ್ಟೆಯನ್ನು ಮೆಲ್ಲಗೆ ಅತ್ತ ಸರಿಸಿ, "ಉಂಡ್ಕೊಂಡು ಓಗವ್ವ. ಪಟ ಬಾಳ ಚೆಂದಾಗದೆ" ಅಂದರು. ಒಳ್ಳೆಯ ಹೆಂಗಸು, ದನಿಯಲ್ಲಿ ಚೂರೂ ಕಹಿ ಇರಲಿಲ್ಲ. ಅದಕ್ಕೇ ಹೆಚ್ಚು ನೋವಾಯಿತು.

ಎಲ್ಲರೂ ಊಟಕ್ಕೆ ಹೋದರು. ಗೋಡೆಯ ಹತ್ತಿರ ಹೋಗಿ ಟೇಪು ಕಿತ್ತೆ. ಹೂವಿನ ಜೊತೆ ತುರುಬಿನ ಬಣ್ಣವೂ ಸ್ವಲ್ಪ ಎದ್ದು ಬಂತು. ತಿದ್ದುವುದಕ್ಕೆ ನಿಲ್ಲಲಿಲ್ಲ. "ಬೇಜಾರ್ ಮಾಡ್ಕಬೇಡ ಕಣವ್ವ" ಎಂದು ಅವಳಿಗೆ ಹೇಳಿ, ಹೂವನ್ನು ನಾನೇ ಮುಡಿದುಕೊಂಡೆ.

ಶ್ರೀರಂಗಪಟ್ಟಣದಲ್ಲಿ ಇಳಿದು ಅರಕೆರೆ ಬಸ್ಸು ಹತ್ತಿದೆ. ಯಾರಾದರೂ ನೋಡಿ ಏನಾದರೂ ಅಂದರೆ ಸರಿಯಾಗಿ ಜಾಡಿಸಬೇಕೆಂದು ಮಾತು ಕೂಡಿಸಿಟ್ಟುಕೊಂಡಿದ್ದೆ. ಊರು ಬರುವವರೆಗೂ ಯಾರೂ ನನ್ನ ಕಡೆ ತಿರುಗಿ ನೋಡಲಿಲ್ಲ.