ಎಳಸಕ್ಕನ ಬಾತುಕೋಳಿ

ಐದನೆಯ ವಿಮಾನವೂ ಹೊಗೆಯುಗುಳುತ್ತ ಗುಡ್ಡದ ಹಿಂದೆ ಬಿದ್ದಾಗ ಕೋಣೆಯಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಳಸಕ್ಕ ಹೆಡ್‌ಫೋನ್ ತೆಗೆದು ಹಿಂದಿರುಗಿ ನೋಡಿದಳು. ಮುಖ್ಯಸ್ಥರು ಕೈಕಟ್ಟಿಕೊಂಡು ಅವಳ ಕುರ್ಚಿಯ ಹಿಂದೆಯೇ ನಿಂತಿದ್ದರು. ಅವರ ಮುಖ ಹುಳ್ಳಗಾಗಿತ್ತು.

"ಎಳಸಕ್ಕನೇ ಐದು ಹೊಡೆದುಹಾಕಿದ್ರು ಅಂದ್ರೆ ಮುಗೀತು," ಎಂದರು ಉಳಿದವರ ಕಡೆ ತಿರುಗಿ. "ಬಾತುಕೋಳಿ ವಿಮಾನಕ್ಕೆ ಕೊಟ್ಟಿರೋ ರಾಕೆಟ್ ವಿಪರೀತ ಆಯ್ತು. ಅದರ ಬಲ ಅರ್ಧಕ್ಕೆ ಇಳಿಸಿಬಿಡಿ. ಸಂಜೆಯೊಳಗೆ ಆಟಗಾರರಿಗೆ ಹೊಸ ಆವೃತ್ತಿ ಹೋಗ್ಲಿ."

ಅದು ಆನ್‌ಲೈನ್ ಆಟ ತಯಾರಿಸುವ ಕಂಪನಿ. ಯಾವ್ಯಾವುದೋ ಊರಿನಲ್ಲಿ ಕೂತವರು ಒಂದೇ ಆಕಾಶಕ್ಕೆ ಬಂದು ಒಬ್ಬರ ವಿಮಾನವನ್ನು ಇನ್ನೊಬ್ಬರು ಹೊಡೆದುರುಳಿಸುವ ಆಟ. ಯಾವ ವಿಮಾನಕ್ಕೆ ಎಂಥ ಆಯುಧ, ಅದಕ್ಕೆ ಎಷ್ಟು ಬಲ ಎಂದು ತೂಗಿ ನೋಡುವುದು ಈ ಕೋಣೆಯವರ ಕೆಲಸ. ತಕ್ಕಡಿಯ ಒಂದು ಕಡೆ ಹದ್ದು ಎಂದು ಎಲ್ಲರೂ ಕರೆಯುವ ಹುಡುಗ. ಅವನನ್ನು ಸೋಲಿಸಿದವರು ಕಂಪನಿಯಲ್ಲಿ ಇರಲಿಲ್ಲ. ಇನ್ನೊಂದು ಕಡೆ, ಏನೂ ಬಾರದ ಎಳಸಕ್ಕ. ಒಂದು ಆಯುಧ ಪಳಗಿದ ಕೈಯಲ್ಲಿ ಏನು ಮಾಡುತ್ತದೆ, ಎಳಸು ಕೈಯಲ್ಲಿ ಏನು ಮಾಡುತ್ತದೆ ಎಂದು ಎರಡನ್ನೂ ನೋಡಿ ಬಲ ಏರಿಸುತ್ತಿದ್ದರು, ಇಳಿಸುತ್ತಿದ್ದರು.

ಸಂದರ್ಶನದ ದಿನ ಅವಳು ವಿಮಾನ ನೆಲಬಿಡುವ ಮೊದಲೇ ಪೆಟ್ರೋಲ್ ಟ್ಯಾಂಕಿಗೆ ಗುದ್ದಿ ನಿಲ್ದಾಣಕ್ಕೆ ನಿಲ್ದಾಣವನ್ನೇ ಸುಟ್ಟಿದ್ದಳು. ಮುಖ್ಯಸ್ಥರು ಎದ್ದು ಬಂದು ಕೈಕುಲುಕಿದ್ದರು. ನಿಮ್ಮಂಥವರನ್ನೇ ಹುಡುಕುತ್ತಿದ್ದೆವು ಎಂದಿದ್ದರು. ಇದ್ದದ್ದು ಒಂದೇ ಷರತ್ತು: ಕಲಿಯಬಾರದು. ಮನೆಯಲ್ಲಿ ಆಡಬಾರದು, ಯಾರನ್ನೂ ಏನೂ ಕೇಳಬಾರದು. ಇಂಥ ಕೆಲಸ ಯಾರಿಗುಂಟು ಯಾರಿಗಿಲ್ಲ ಎಂದು ಅವಳು ಹಿಗ್ಗಿದ್ದಳು.

ಮನೆಯಲ್ಲಿ ಅತ್ತೆಗೆ ಈ ಉದ್ಯೋಗ ಅರ್ಥವಾಗುವುದಕ್ಕೆ ಸ್ವಲ್ಪ ಕಾಲ ಬೇಕಾಯಿತು. ಅರ್ಥವಾದ ಮೇಲೆ ದಿನಾ ಸಂಜೆ ಚಪ್ಪಲಿ ಬಿಡುವಾಗಲೇ ಕೇಳುತ್ತಿದ್ದರು. "ಇವತ್ತು ಎಷ್ಟು ಸಲ ಸತ್ತೆ?"

"ಇಪ್ಪತ್ತು ಸಲ ಅತ್ತೆ."

"ಒಳ್ಳೇದಾಯ್ತು. ಊಟಕ್ಕೆ ಬಾ."

ಇತ್ತೀಚೆಗೆ ಒಮ್ಮೆ ಬಾಯಿ ತಪ್ಪಿ "ಎರಡೇ ಸಲ" ಎಂದುಬಿಟ್ಟಿದ್ದಳು. ಅತ್ತೆ ಸೌಟು ಹಿಡಿದುಕೊಂಡೇ ಅವಳ ಮುಖ ನೋಡಿದ್ದರು. "ಯಾಕಮ್ಮಾ, ಕೆಲಸದ ಮೇಲೆ ಗಮನ ಇಲ್ವಾ?"

ಗಮನ ಇಟ್ಟದ್ದೇ ಎಡವಟ್ಟಾಗಿತ್ತು. ಬೆಳಗಿನಿಂದ ಸಂಜೆಯವರೆಗೆ ಆಕಾಶದಲ್ಲೇ ಇರುವ ಹೆಂಗಸು ಎಷ್ಟು ದಿನ ಎಳಸಾಗಿ ಉಳಿದಾಳು? ಅವಳ ಕೈ ಅವಳನ್ನು ಕೇಳದೆಯೇ ಕಲಿತುಬಿಟ್ಟಿತ್ತು. ಅದನ್ನು ಮುಚ್ಚಿಡಲು ಅವಳು ಬೇಕೆಂದೇ ಮರಕ್ಕೆ ಗುದ್ದುತ್ತಿದ್ದಳು, ಗುರಿ ತಪ್ಪಿಸುತ್ತಿದ್ದಳು. ಇವತ್ತು ಆಟದ ಗುಂಗಿನಲ್ಲಿ ಮರೆತುಬಿಟ್ಟಳು. ಐದು ಉರುಳಿದವು.

ಸುಮ್ಮನಿದ್ದರೆ ಕೆಲಸ ಉಳಿಯುತ್ತಿತ್ತು. ಆದರೆ ಬಾತುಕೋಳಿ ಹೊಸಬರಿಗೆ ಮೊದಲು ಸಿಗುವ ವಿಮಾನ. ಗಡಗಡ ಸದ್ದು ಮಾಡುತ್ತ ತೆವಳುವ ಆ ಡಬ್ಬಕ್ಕೆ ಇದ್ದ ಒಂದೇ ಆಸರೆ ಆ ರಾಕೆಟ್. ಮೊದಲ ಸಲ ಅದರಿಂದ ಒಂದು ವಿಮಾನ ಉರುಳಿಸಿದ ದಿನ ಎಳಸಕ್ಕ ದಾರಿಯುದ್ದಕ್ಕೂ ಒಬ್ಬಳೇ ನಗುತ್ತ ಮನೆಗೆ ಹೋಗಿದ್ದಳು. ಅದನ್ನು ಅರ್ಧ ಮಾಡಿದರೆ ಎಲ್ಲೋ ಕೂತ ಇನ್ನೊಬ್ಬ ಎಳಸಿಗೆ ಆ ನಗು ಸಿಗುವುದಿಲ್ಲ.

"ಸರ್, ರಾಕೆಟ್ ಮೇಲೆ ಗೂಬೆ ಕೂರಿಸ್ಬೇಡಿ," ಎಂದಳು. "ಅದರ ಬಲ ಸರಿಯಾಗೇ ಇದೆ. ನಾನು ಕಲಿತುಬಿಟ್ಟಿದ್ದೀನಿ."

ಕೋಣೆ ಗೊಳ್ಳೆಂದಿತು. ಹದ್ದು ತನ್ನ ಮೇಜಿನಿಂದಲೇ ಕತ್ತು ಚಾಚಿದ. "ಎಳಸಕ್ಕಾ, ನಿನ್ನೆ ತಾನೇ ನನ್ನ ಕೈಲಿ ಆರು ಸಲ ಸತ್ರಲ್ಲ?"

"ಅದ್ರಲ್ಲಿ ನಾಲ್ಕು ಸಲ ನಾನಾಗೇ ಸತ್ತಿದ್ದಪ್ಪ. ಕೆಲಸ ಉಳೀಬೇಕಲ್ಲ."

ಹದ್ದಿನ ನಗು ನಿಂತಿತು. ಮುಖ್ಯಸ್ಥರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. ಅವರು ಕೆಟ್ಟವರಲ್ಲ, ಆದರೆ ಬಾಯಿಮಾತನ್ನು ನಂಬುವವರೂ ಅಲ್ಲ.

"ಹಾಗಾದ್ರೆ ಬಾತುಕೋಳಿಯ ರಾಕೆಟ್ ಬಿಚ್ಚಿಬಿಡೋಣ. ಬರೀ ಮೆಷಿನ್‌ಗನ್. ಎದುರಿಗೆ ಹದ್ದು, ಮಿಂಚಿನಲ್ಲಿ. ನೀವು ಗೆದ್ರೆ ನೀವು ಹೇಳಿದ್ದು ನಿಜ, ರಾಕೆಟ್ ಮುಟ್ಟಲ್ಲ. ಆದ್ರೆ ಆಮೇಲೆ ಆ ಕುರ್ಚೀಲಿ ನಿಮ್ಮನ್ನ ಕೂರಿಸೋಕೆ ಆಗಲ್ಲ. ಯೋಚನೆ ಮಾಡಿ."

"ಮಾಡಿದ್ದೀನಿ ಸರ್."

ಮಿಂಚು ಆಟದ ಅತಿ ವೇಗದ ಜೆಟ್. ಬಾತುಕೋಳಿಯ ಮೆಷಿನ್‌ಗನ್ ಅದಕ್ಕೆ ಸೊಳ್ಳೆ ಕಚ್ಚಿದಷ್ಟೇ ನೋವು ಕೊಡುತ್ತಿತ್ತು. ಸೋಲುವುದು ಬಲು ಸುಲಭ, ಸೋತರೆ ಯಾರೂ ಏನೂ ಅನ್ನುವುದಿಲ್ಲ. ನಾಳೆ ಎಂದಿನಂತೆ ಬಂದು ಸಾಯಬಹುದು. ಎಳಸಕ್ಕ ಹೆಡ್‌ಫೋನ್ ಹಾಕಿಕೊಂಡಳು. ಎಲ್ಲರೂ ಬಂದು ಸುತ್ತ ನಿಂತರು.

ಹದ್ದು ಅವಳನ್ನು ಕಾಯಿಸಲಿಲ್ಲ. ಮೋಡದಿಂದ ಇಳಿದು ಬೆನ್ನಿಗೆ ಬಿದ್ದ. ಅವಳು ಪರದೆ ನೋಡುತ್ತಿರಲಿಲ್ಲ, ಕೇಳುತ್ತಿದ್ದಳು. ಅವನ ಕೈಯಲ್ಲಿ ನೂರಾರು ಸಲ ಸತ್ತವಳಿಗೆ ಅವನದೊಂದು ಅಭ್ಯಾಸ ಗೊತ್ತಿತ್ತು: ಗುಂಡು ಹಾರಿಸುವ ಮೊದಲು ಎಂಜಿನ್ ಒಂದಿಷ್ಟು ತಗ್ಗಿಸುತ್ತಾನೆ. ಆ ಸೀಟಿಯಂಥ ಸದ್ದು ಒಂದು ಎಳೆ ಇಳಿಯುತ್ತದೆ.

ಸದ್ದು ಇಳಿಯಿತು. ಅವಳು ಬಾತುಕೋಳಿಯ ಎಂಜಿನ್ ಪೂರ್ತಿ ತಗ್ಗಿಸಿ ಮೂಗು ಮೇಲೆತ್ತಿದಳು. ಆ ಡಬ್ಬಾ ಆಕಾಶದಲ್ಲಿ ನಿಂತೇಬಿಟ್ಟಿತೇನೋ ಎನ್ನುವಂತಾಯಿತು. ನಿಲ್ಲಲು ಬಾರದ ಮಿಂಚು ಅವಳ ಹೊಟ್ಟೆಯ ಕೆಳಗಿಂದ ಸರ್ರನೆ ದಾಟಿ ಅವಳ ಬಂದೂಕಿನ ಮುಂದೆ ಬಂದು ಬಿತ್ತು. ಅವಳು ಗುಂಡಿ ಒತ್ತಿ ಹಿಡಿದಳು. ಜೆಟ್ಟಿನ ಬಾಲದಿಂದ ಸಣ್ಣಗೆ ಹೊಗೆ ಬಂತು.

"ಇದೊಂದು ಗ್ರಹಚಾರ," ಎಂದು ಹದ್ದು ಗೊಣಗಿ ಮತ್ತೆ ಬಂದ. ಮತ್ತೆ ಸದ್ದು ಇಳಿಯಿತು, ಮತ್ತೆ ಅವಳ ಮುಂದೆ ಬಿದ್ದ. ಹೊಗೆ ದಟ್ಟವಾಯಿತು. ಮೂರನೆಯ ಸಲ ಅವನು ಹುಷಾರಾದ. ಬೆನ್ನು ಬಿಟ್ಟು ಎದುರಿನಿಂದಲೇ ನುಗ್ಗಿದ. ಎಳಸಕ್ಕ ಅಲ್ಲಾಡಲಿಲ್ಲ. ಅವಳ ಬಲರೆಕ್ಕೆಯ ತುದಿ ಚೂರಾಯಿತು, ಪರದೆ ಕೆಂಪಾಯಿತು, ಕೋಣೆಯಲ್ಲಿ ಯಾರೋ "ಹೋಯ್ತು" ಎಂದರು. ಅವಳ ಬೆರಳು ಗುಂಡಿಯ ಮೇಲೇ ಇತ್ತು. ಕೊನೆಯ ಗಳಿಗೆಯಲ್ಲಿ ಪಕ್ಕಕ್ಕೆ ವಾಲಿದಳು. ಮಿಂಚು ಅವಳನ್ನು ದಾಟಿ ಸ್ವಲ್ಪ ದೂರ ಹೋಗಿ ಎರಡು ತುಂಡಾಯಿತು.

ಎಲ್ಲರೂ ಕೋಣೆ ಕಿತ್ತುಹೋಗುವಂತೆ ಕೂಗಿದರು. ಯಾರೋ ಅವಳ ಕುರ್ಚಿಯನ್ನು ಗಿರಗಿರ ತಿರುಗಿಸಿದರು. ಎಳಸಕ್ಕನಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಇಷ್ಟು ದಿನ ಬಚ್ಚಿಟ್ಟಿದ್ದನ್ನು ಹಾಡುಹಗಲೇ ಮಾಡಿ ತೋರಿಸಿದ ಸುಖಕ್ಕೆ ಅವಳ ಮೈ ಜುಮ್ಮೆನ್ನುತ್ತಿತ್ತು.

ಮುಖ್ಯಸ್ಥರು ಮಾತ್ರ ತಲೆಯ ಮೇಲೆ ಕೈಹೊತ್ತು ಕೂತರು. "ಮೂರು ತಿಂಗಳಿಂದ ನಿಮ್ಮನ್ನಿಟ್ಟುಕೊಂಡು ತೂಗಿದ್ದೆಲ್ಲ ನೀರುಪಾಲಾಯ್ತಲ್ರೀ. ಈಗ ಎಲ್ಲಾ ಮೊದಲಿಂದ. ಆ ಕುರ್ಚಿ ಬಿಡಿ ನೀವು."

ಅವಳು ಎದ್ದಳು. ನೀರಿನ ಬಾಟಲಿ, ಕೈಚೀಲ ಎತ್ತಿಕೊಂಡಳು. ಆಗ ಹದ್ದು ತನ್ನ ಮೇಜಿನ ಎದುರಿನ ಖಾಲಿ ಮೇಜಿನಿಂದ ರಟ್ಟಿನ ಡಬ್ಬಿಗಳನ್ನು ಕೆಳಗಿಳಿಸತೊಡಗಿದ. ಅವನ ಕಿವಿ ಇನ್ನೂ ಕೆಂಪಗಿತ್ತು.

"ಅಕ್ಕ ಇಲ್ಲಿ ಕೂರ್ಲಿ ಸರ್. ಒಬ್ಬನೇ ಗೆದ್ದು ಗೆದ್ದು ನಂಗೂ ತುಕ್ಕು ಹಿಡಿದಿದೆ."

ಮುಖ್ಯಸ್ಥರು ಇಬ್ಬರನ್ನೂ ನೋಡಿದರು. "ಕೂರ್ಲಿ. ಆದ್ರೆ ನಂಗೀಗ ಒಬ್ಬ ಎಳಸು ಬೇಕು. ರಾಕೆಟ್ ಮುಟ್ಟಲ್ಲ ಅಂದಿದ್ದೀನಿ, ಆದ್ರೂ ನಿಜವಾದ ಎಳಸು ಕೈಯಲ್ಲಿ ಒಮ್ಮೆ ನೋಡಿಯೇ ಸಂಜೆಗೆ ಆವೃತ್ತಿ ಕಳಿಸ್ಬೇಕು."

ಪಕ್ಕದ ಕೋಣೆಯ ಲೆಕ್ಕಪತ್ರದಾಕೆಯನ್ನು ಕರೆತಂದರು. ಆಕೆ ಈ ಕಂಪನಿಯಲ್ಲಿ ತಲೆ ನರೆಸಿಕೊಂಡಿದ್ದರೂ ಒಂದು ದಿನವೂ ಆಟ ಆಡಿದವರಲ್ಲ. ಕುರ್ಚಿಯ ತುದಿಯಲ್ಲಿ ಕೂತು, ಮೌಸನ್ನು ಬಿಸಿಪಾತ್ರೆ ಹಿಡಿಯುವ ಹಾಗೆ ಹಿಡಿದರು. ಬಾತುಕೋಳಿ ತೂರಾಡುತ್ತ ಮೇಲೇರಿತು. ಮೊದಲ ರಾಕೆಟ್ ನೆಲಕ್ಕೆ ಹೋಯಿತು, ಆಮೇಲಿನವು ಮೋಡಕ್ಕೆ. ಮುಖ್ಯಸ್ಥರು ಮುಂದಕ್ಕೆ ಬಾಗಿದರು. ಉಳಿದಿದ್ದ ಒಂದೇ ರಾಕೆಟ್ ಅದು ಹೇಗೋ ಎದುರಿನ ವಿಮಾನದ ಹೊಟ್ಟೆಗೆ ನಾಟಿತು.

"ಇದು ನಾನು ಹೊಡೆದಿದ್ದಾ?" ಆಕೆ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ನೀವೇ," ಎಂದಳು ಎಳಸಕ್ಕ.

"ಎಳಸು ಕೈಗೆ ಒಂದು ರೌಂಡಿಗೆ ಒಂದು ವಿಮಾನ. ಅಷ್ಟೇ ಬೇಕಾಗಿದ್ದು," ಎಂದರು ಮುಖ್ಯಸ್ಥರು ಎದ್ದು. "ರಾಕೆಟ್ ಇದ್ದ ಹಾಗೇ ಇರ್ಲಿ."

ಲೆಕ್ಕಪತ್ರದಾಕೆಗೆ ಅದು ಕೇಳಿಸಲೇ ಇಲ್ಲ. ಮುಂಗುರುಳನ್ನು ಕಿವಿಯ ಹಿಂದಕ್ಕೆ ಸರಿಸಿಕೊಂಡು, "ಇನ್ನೊಂದ್ಸಲ ಆಡ್ಲಾ?" ಎಂದರು. ಯಾರ ಉತ್ತರಕ್ಕೂ ಕಾಯದೆ ಮತ್ತೆ ಹಾರಿಸಿದರು. ಬಾತುಕೋಳಿ ಮೂಗು ತಗ್ಗಿಸಿಕೊಂಡು ನೇರ ಗುಡ್ಡದ ಕಡೆಗೇ ಹೊರಟಿತು. ಮೂಗೆತ್ತಿ ಎನ್ನುವ ಮಾತು ಎಳಸಕ್ಕನ ನಾಲಗೆಯ ತುದಿಗೆ ಬಂತು. ಎಳಸಿಗೆ ಕಲಿಸಬಾರದೆಂದು ಅದನ್ನು ನುಂಗಿಕೊಂಡು, ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡು ನಿಂತಳು. ಗುಡ್ಡ ಪರದೆಯ ತುಂಬ ದೊಡ್ಡದಾಯಿತು. ಲೆಕ್ಕಪತ್ರದಾಕೆಯ ಕೈ ತನಗೆ ತಾನೇ ಎಂಬಂತೆ ತುಸು ಸರಿಯಿತು; ವಿಮಾನ ಮೆಲ್ಲನೆ ಮೂಗೆತ್ತಿ, ಗುಡ್ಡದ ನೆತ್ತಿಯ ಹುಲ್ಲನ್ನು ಸವರಿಕೊಂಡು ಆಚೆ ದಾಟಿತು.