ಇನ್ನೊಂದ್ಸಲ ಸಾಯಿ, ಪೆಲ್

ಶವಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಹಾಕಿಕೊಂಡಿತು. ಹೊತ್ತವರೆಲ್ಲ ನಟರೇ, ಒಬ್ಬೊಬ್ಬರೂ ಒಂದೊಂದು ಕಡೆ ತಿರುಗಿಸಿ ಎನ್ನುತ್ತಿದ್ದರು.

“ಬದುಕಿದ್ದಾಗ್ಲೂ ಹಿಂಗೇ,” ಎಂದ ನಾಟಕ ಕಂಪನಿಯ ಯಜಮಾನ ಗಾರ್ಬಟ್. “ರಂಗದ ಮಧ್ಯೆ ನಿಂತ ಅಂದ್ರೆ ಕದಲ್ತಾನೇ ಇರ್ಲಿಲ್ಲ.”

ಕೆಳಗೆ ನಿಂತಿದ್ದ ಹೆಸ್ಟರ್, ಗಂಡನ ಪೆಟ್ಟಿಗೆಯನ್ನು ಬಿಟ್ಟು ಬೀದಿಯನ್ನು ನೋಡುತ್ತಿದ್ದಳು. ಶೆಫೀಲ್ಡಿನ ಚಾಕು ಸಾಣೆಯವರು ಕೆಲಸ ಬಿಟ್ಟು ಬಂದು, ಟೋಪಿ ಕಳಚಿ, ಹೊಗೆಮಂಜಿನಲ್ಲಿ ಸಾಲುಗಟ್ಟಿದ್ದರು. ನಿಜ ಹೇಳಬೇಕೆಂದರೆ, ಅವಳ ಗಂಡ ಆಂಬ್ರೋಸ್ ಪೆಲ್‌ನನ್ನು ಲಂಡನ್ನಿನಲ್ಲಿ ಕೇಳುವವರೇ ಇರಲಿಲ್ಲ. ಪ್ರೇಮದ ಮಾತು ಅವನ ಬಾಯಲ್ಲಿ ಸಪ್ಪೆ, ಕತ್ತಿವರಸೆಯಂತೂ ನೋಡಲಾಗದು. ಆದರೆ ಸಾಯುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಗುಂಡೇಟು ತಿಂದ ಬೇಟೆಗಾರನಾಗಿ ಅವನು ಹೆಸ್ಟರಳ ತೊಡೆಯ ಮೇಲೆ ಪ್ರಾಣ ಬಿಟ್ಟರೆ, ಮೇಲಿನ ಅಗ್ಗದ ಬೆಂಚುಗಳಿಂದ ಕೂಗೇಳುತ್ತಿತ್ತು: “ಇನ್ನೊಂದ್ಸಲ ಸಾಯಿ, ಪೆಲ್.” ಅವನು ಎದ್ದು, ತಲೆಬಾಗಿ, ಮತ್ತೆ ಗುಂಡೇಟು ತಿಂದು ಸಾಯುತ್ತಿದ್ದ.

ಮಣ್ಣು ಮಾಡಿ ಬಂದ ಮೇಲೆ ತಣ್ಣಗಿನ ಹಂದಿಮಾಂಸ, ಬಿಯರು. ಆ ಊಟವಿಲ್ಲದಿದ್ದರೆ ಮರ್ಯಾದೆಯಿಂದ ಮಣ್ಣು ಮಾಡಿದರು ಎಂದು ಆ ಊರಿನವರು ಒಪ್ಪುವುದಿಲ್ಲ.

“ಈ ಹೊತ್ತಲ್ಲಿ ಕೇಳಬಾರ್ದು, ಹೆಸ್ಟರ್,” ಎಂದ ಗಾರ್ಬಟ್. “ಸಂಜೆ ಆಟ ಇದೆ. ಅವನ ಪಾತ್ರ ಡೌಡ್ ಮಾಡ್ತಾನೆ. ನೀವು ಬರದೇ ಇದ್ರೆ ಅವನು ಯಾರ ತೊಡೆ ಮೇಲೆ ಸಾಯ್ಬೇಕು?”

“ಗೋರಿ ಮಣ್ಣು ಇನ್ನೂ ಹಸಿ ಇದೆ, ಯಜಮಾನ್ರೆ,” ಎಂದಳು ಉಡುಪು ತೊಡಿಸುವ ಮುದುಕಿ ಡಾರ್ಕಸ್. “ನಾಚ್ಕೆ ಆಗಲ್ವಾ ನಿಮ್ಗೆ?”

“ಆಗತ್ತೆ. ಆದ್ರೂ ಜನ ಬರ್ತಾರಲ್ಲ.”

ತಟ್ಟೆ ಹಿಡಿದು ನಿಂತಿದ್ದ ಕಿರಿಯ ನಟ ಡೌಡ್ ತಗ್ಗಿದ ದನಿಯಲ್ಲಿ, “ಅವರಷ್ಟು ಚೆನ್ನಾಗಿ ನಂಗೆ ಬರಲ್ಲ, ಮೇಡಂ. ಆದ್ರೆ ಜನ ಕೂಗಿದ್ರೆ ಏಳ್ಲೇಬೇಕಲ್ವಾ?” ಎಂದ.

ಹೆಸ್ಟರ್ ಅವನ ಮುಖವನ್ನೇ ನೋಡಿದಳು. “ಬರ್ತೀನಿ,” ಎಂದಳು.

*

ಕಳೆದ ಶನಿವಾರ ರಂಗದ ಮೇಲೆ ಪೆಲ್‌ನ ಮೊದಲ ಸಾವು ಚೆನ್ನಾಗಿಯೇ ಆಗಿತ್ತು. ಆದರೆ ಅವಳ ತೊಡೆಯ ಮೇಲಿದ್ದ ಅವನ ಕುತ್ತಿಗೆ ತಣ್ಣಗೆ ಬೆವರಿತ್ತು.

“ಹೆಸ್ಟರ್, ಆಗಲ್ಲ,” ಎಂದ ಅವನು ತುಟಿ ಅಲುಗಿಸದೆ.

ಮೇಲಿನವರು ಕಾಲು ಬಡಿಯತೊಡಗಿದ್ದರು. ಕೂಗಿಗೆ ಏಳದ ರಾತ್ರಿ ಅವನು ಊಟ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗುವುದು ಅವಳಿಗೆ ಗೊತ್ತಿತ್ತು. ಅಳುವವಳಂತೆ ಬಾಗಿ, “ಕರೀತಿದಾರೆ. ಏಳು, ಒಂದೇ ಸಲ,” ಎಂದಳು.

ಎದ್ದ. ಎಂದಿನ ಹಾಗೆ ತತ್ತರಿಸಲಿಲ್ಲ, ಕೈ ಚಾಚಲಿಲ್ಲ, ಮೂಟೆಯಂತೆ ಬಿದ್ದ. ಜನಕ್ಕೆ ಹಿಡಿಸಲಿಲ್ಲ. ಒಬ್ಬ ಸಿಳ್ಳೆ ಹಾಕಿದ. “ಇವತ್ತು ಸರಿಯಾಗಿ ಸಾಯ್ಲಿಲ್ಲ ಕಣ್ರೋ,” ಎಂದು ಇನ್ನೊಬ್ಬ ಕೂಗಿದ್ದು ರಂಗದವರೆಗೂ ಕೇಳಿಸಿತು. ಅವನ ಕಣ್ಣು ಆಗಲೂ ತೆರೆದೇ ಇತ್ತು, ರೆಪ್ಪೆ ಆಡುತ್ತಿತ್ತು. ಪರದೆ ಬಿದ್ದಾಗ ಅದೂ ನಿಂತಿತ್ತು.

*

ಸಂಜೆ ಡೌಡ್ ಅವಳ ತೊಡೆಯ ಮೇಲೆ ಸತ್ತ. ಆಮೇಲೆ ಮೇಲಿನಿಂದ, “ಇನ್ನೊಂದ್ಸಲ.”

ಹುಡುಗ ಏಳಹೊರಟ. ಹೆಸ್ಟರ್ ಅವನ ಎದೆಯ ಮೇಲೆ ಬಾಗಿ ಮೈಭಾರವನ್ನೆಲ್ಲ ಹಾಕಿದಳು.

“ಮೇಡಂ, ಬಿಡಿ. ಕರೀತಿದಾರೆ.”

“ಕರೀಲಿ.”

ಪಕ್ಕದ ಪರದೆಯ ಮರೆಯಿಂದ ಗಾರ್ಬಟ್ ಎರಡೂ ಕೈ ಬೀಸುತ್ತಿದ್ದ. ಕಾಲುಗಳು ಬಡಿದವು. ಕಿತ್ತಳೆ ಸಿಪ್ಪೆಗಳು ಬಂದು ಅವಳ ಬೆನ್ನಿಗೆ ಬಿದ್ದವು. ಆಮೇಲೆ ಸಿಳ್ಳೆ ಶುರುವಾಯಿತು. ಹೆಸ್ಟರ್ ಎರಡೂ ಅಂಗೈಗಳಿಂದ ಆ ಹುಡುಗನ ಕಿವಿ ಮುಚ್ಚಿದಳು.