ಗುಡಿಯಾಳ ಗಾಡಿ

ದಿಲ್ಲಿಯ ಮಯೂರ್ ವಿಹಾರದಲ್ಲಿ ಅಡುಗೆ ಕಾಂಟ್ರಾಕ್ಟ್ ಹಿಡಿಯುತ್ತಿದ್ದ ಚಿದಂಬರನಿಗೆ ಪಾತ್ರೆ ಪಡಗ ಸಾಗಿಸಲು ಹಳೆಯದೊಂದು ಪಿಕಪ್ ಬೇಕಿತ್ತು. ಹತ್ತಿರದ ಗಲ್ಲಿಯೊಂದರಲ್ಲೇ ಸಿಕ್ಕಿತು. ಎಂಜಿನ್ ಗಟ್ಟಿಯಾಗಿತ್ತು, ಬೆಲೆಯೂ ಅಗ್ಗ. ಆದರೆ ಆರ್‌ಸಿ ಬುಕ್ ಇರಲಿಲ್ಲ.

"ಮನೆ ಬದಲಾಯಿಸುವಾಗ ಕಳೆದುಹೋಯ್ತು, ಭಾಯಿಸಾಬ್," ಎಂದ ಮಾರುವವನು ರಾಜ್‌ಪಾಲ್.

"ಕಾಗದ ಇಲ್ಲದ ಗಾಡಿ ನಮಗೆ ಬೇಡಾರೀ, ನಡೀರಿ," ಎಂದು ವೈಜಯಂತಿ ಗಂಡನ ತೋಳು ಎಳೆದಳು.

ಇವಳಿಗೆ ಎಲ್ಲದಕ್ಕೂ ಅನುಮಾನ. ಚಿದಂಬರ ಅಷ್ಟು ಸುಲಭವಾಗಿ ಟೋಪಿ ಹಾಕಿಸಿಕೊಳ್ಳುವವನೇ? ದಿಲ್ಲಿಗೆ ಬಂದು ವರ್ಷ ತುಂಬಿರದಿದ್ದರೂ, ಇಲ್ಲಿಯವರು ಗಾಡಿಯ ಹಿಂದೆ ಮಕ್ಕಳ ಹೆಸರು ಬರೆಸುವುದನ್ನು ಅವನು ಗಮನಿಸಿದ್ದ. ಈ ಪಿಕಪ್ಪಿನ ಹಿಂದೆಯೂ ಕೆಂಪಕ್ಷರದಲ್ಲಿ 'ಗುಡಿಯಾ' ಎಂದಿತ್ತು. ಅದನ್ನು ನೋಡಿಯೇ ಇಲ್ಲವೆಂಬಂತೆ, "ನಿಮ್ಮ ಮಗಳ ಹೆಸರೇನು?" ಎಂದು ಕೇಳಿದ.

"ಗುಡಿಯಾ," ಎಂದ ರಾಜ್‌ಪಾಲ್. ಒಳಗೆ ತಿರುಗಿ ಕೂಗಿಯೂ ಕರೆದ. ಎರಡು ಜಡೆಯ ಹುಡುಗಿ ಓಡಿಬಂದು ಅಪ್ಪನಿಗೆ ಅಂಟಿಕೊಂಡು ನಿಂತಳು.

"ಇದಕ್ಕಿಂತ ದೊಡ್ಡ ರುಜುವಾತು ಬೇಕೇನೇ?" ಎಂದು ಕನ್ನಡದಲ್ಲಿ ಹೆಂಡತಿಯ ಬಾಯಿ ಮುಚ್ಚಿಸಿ, ಚಿದಂಬರ ದುಡ್ಡು ಕೊಟ್ಟು ಕೀ ತೆಗೆದುಕೊಂಡ.

ಗಾಡಿ ಗಲ್ಲಿಯ ತಿರುವಿಗೆ ಬಂದಾಗ ಮಹಡಿಯ ಮೇಲಿನಿಂದ ಯಾರೋ ಹೆಂಗಸು, "ಗುಡಿಯಾ, ಊಟಕ್ಕೆ ಬಾ," ಎಂದು ಹಿಂದಿಯಲ್ಲಿ ಕೂಗಿದಳು. ಕೆಳಗೆ ಕುಂಟೆಬಿಲ್ಲೆ ಆಡುತ್ತಿದ್ದ ಹುಡುಗಿಯರಲ್ಲಿ ಮೂವರು ಒಟ್ಟಿಗೆ ತಲೆಯೆತ್ತಿದರು.

ಚಿದಂಬರನ ಕಾಲು ತಾನಾಗಿ ಬ್ರೇಕ್ ಒತ್ತಿತು.

"ನಮ್ಮ ಕಡೆ ಮನೆಮನೆಗೂ ಒಬ್ಬಳು ಪುಟ್ಟಿ ಇರ್ತಾಳಲ್ಲ, ಹಾಗೇರೀ," ಎಂದಳು ವೈಜಯಂತಿ, ತಣ್ಣಗೆ.